ಒಂದು ಮಂದಿರ, ಮೂರು ಬಾಗಿಲು: ಪೀಪಲ್ಸ್ ಟೆಂಪಲ್‌ಗೆ ಜನ ಸೇರಿದ ಬಗೆ

ಪೀಪಲ್ಸ್ ಟೆಂಪಲ್ ಎಂಬ ಪಂಥವನ್ನು ಜಗತ್ತು ನೆನಪಿಟ್ಟುಕೊಂಡಿರುವುದು ಅದರ ಕೊನೆಯ ದಿನದಿಂದ. 1978ರ ನವೆಂಬರ್ 18ರಂದು ದಕ್ಷಿಣ ಅಮೆರಿಕದ ಗಯಾನಾ ದೇಶದ ದಟ್ಟ ಕಾಡಿನ ನಡುವೆ, ಜೋನ್ಸ್‌ಟೌನ್ ಎಂಬ ವಸತಿಯಲ್ಲಿ, 909 ಮಂದಿ ಪ್ರಾಣ ಬಿಟ್ಟರು. ಅದೇ ದಿನ ಸಮೀಪದ ಪೋರ್ಟ್ ಕೈಟುಮಾ ವಿಮಾನ ಪಟ್ಟಿಯಲ್ಲಿ ಅಮೆರಿಕದ ಸಂಸದ ಲಿಯೋ ರಯಾನ್ ಸೇರಿದಂತೆ ಐವರನ್ನು ಗುಂಡಿಕ್ಕಿ ಕೊಲ್ಲಲಾಯಿತು. ರಾಜಧಾನಿ ಜಾರ್ಜ್‌ಟೌನ್‌ನಲ್ಲಿದ್ದ ಪಂಥದ ಮನೆಯಲ್ಲಿ ಇನ್ನೂ ನಾಲ್ವರು ಸತ್ತರು. ಒಟ್ಟು 918 ಸಾವುಗಳು. ಸತ್ತವರಲ್ಲಿ ಸುಮಾರು 300 ಮಂದಿ ಮಕ್ಕಳು ಮತ್ತು ಹದಿಹರೆಯದವರು. ಸಯನೈಡ್ ಬೆರೆಸಿದ ಪಾನೀಯವನ್ನು ಮೊದಲು ಕೊಟ್ಟದ್ದು ಎಳೆಯ ಮಕ್ಕಳಿಗೆ. ಸುತ್ತ ಬಂದೂಕು ಹಿಡಿದ ಕಾವಲುಗಾರರಿದ್ದರು. ಆದ್ದರಿಂದ ಅದನ್ನು ಸಾಮೂಹಿಕ ಆತ್ಮಹತ್ಯೆ ಎಂದಷ್ಟೇ ಕರೆದು ಮುಂದೆ ಹೋಗುವುದು ಸರಿಯಲ್ಲ.

ಈ ಸಾವುಗಳ ಭಾರ ಎಷ್ಟೆಂದರೆ, ಅದಕ್ಕೂ ಹಿಂದಿನ ಎರಡು ದಶಕಗಳು ಅದರಡಿಯಲ್ಲಿ ಹೂತುಹೋಗಿವೆ. ನಾಯಕನಿಗೆ ಹುಚ್ಚು ಹಿಡಿದಿತ್ತು, ಹಿಂಬಾಲಕರ ತಲೆ ಕೆಡಿಸಲಾಗಿತ್ತು ಎಂಬ ಎರಡು ಮಾತುಗಳಲ್ಲಿ ಇಡೀ ಪ್ರಕರಣವನ್ನು ಮುಗಿಸುವುದು ರೂಢಿಯಾಗಿದೆ. ಈ ವಿವರಣೆಯಿಂದ ಕೇಳುವವರಿಗೆ ಒಂದು ಸಮಾಧಾನ ಸಿಗುತ್ತದೆ: ಅಲ್ಲಿಗೆ ಹೋದವರು ನಮ್ಮಂಥವರಲ್ಲ ಎಂಬ ಸಮಾಧಾನ. ಆದರೆ ಇಂಡಿಯಾನಾಪೊಲಿಸ್‌ನಲ್ಲಿ 1957ರಲ್ಲಿ ಈ ಚರ್ಚಿನ ಬಾಗಿಲು ತಟ್ಟಿದವರಿಗಾಗಲಿ, ಸ್ಯಾನ್ ಫ್ರಾನ್ಸಿಸ್ಕೊದಲ್ಲಿ 1973ರಲ್ಲಿ ಅದರ ಬಸ್ಸು ಹತ್ತಿದವರಿಗಾಗಲಿ ಗಯಾನಾದ ಕಾಡು ಕಂಡಿರಲಿಲ್ಲ. ಅವರಿಗೆ ಏನು ಕಂಡಿತ್ತು, ಅದನ್ನು ಅವರಿಗೆ ತೋರಿಸಿದವರು ಯಾರು, ಬೇರೆಲ್ಲಿಯೂ ಸಿಗದ ಯಾವುದು ಅಲ್ಲಿ ಅವರಿಗೆ ಸಿಕ್ಕಿತು ಎಂಬುದೇ ಈ ಅಧ್ಯಯನದ ಪ್ರಶ್ನೆ. ಸೇರಿದ ಕಾರಣ, ಉಳಿದ ಕಾರಣ, ಕೊನೆಗೆ ಸತ್ತ ಕಾರಣ ಇವು ಮೂರು ಬೇರೆ ಬೇರೆ ಸಂಗತಿಗಳು. ಒಂದನ್ನು ಇನ್ನೊಂದರಿಂದ ವಿವರಿಸಲು ಹೊರಟರೆ ಮೂರೂ ಅರ್ಥವಾಗುವುದಿಲ್ಲ ಎಂಬುದು ನನ್ನ ನಿಲುವು.

ಧರ್ಮಗಳ ಅಧ್ಯಯನ ನಡೆಸುವ ಮೇರಿ ಮೆಕಾರ್ಮಿಕ್ ಮಾಗಾ ಅವರು ಈ ಪಂಥದೊಳಗೆ ಒಂದರ ಮೇಲೊಂದು ಕೂಡಿಕೊಂಡ ಮೂರು ಗುಂಪುಗಳಿದ್ದವು ಎಂದು ತೋರಿಸಿಕೊಟ್ಟಿದ್ದಾರೆ. ಇಂಡಿಯಾನಾ ಕಾಲದಿಂದ ಬಂದವರು, ಕ್ಯಾಲಿಫೋರ್ನಿಯಾದಲ್ಲಿ ಸೇರಿದ ಓದಿದ ಬಿಳಿಯ ಯುವಜನರು, ಮತ್ತು ಅಲ್ಲಿನ ನಗರಗಳಿಂದ ಬಂದ ಕಪ್ಪು ವರ್ಣೀಯರು. ಈ ವಿಂಗಡಣೆಯನ್ನು ನಾನು ಇಲ್ಲಿ ಆಧಾರವಾಗಿಟ್ಟುಕೊಂಡಿದ್ದೇನೆ, ಏಕೆಂದರೆ ಸೇರುವುದಕ್ಕೆ ಒಂದೇ ಕಾರಣವನ್ನು ಹುಡುಕುವವರೆಲ್ಲ ಈ ಮೂರರಲ್ಲಿ ಒಂದು ಗುಂಪನ್ನಷ್ಟೇ ನೋಡಿರುತ್ತಾರೆ.

ಇಂಡಿಯಾನಾಪೊಲಿಸ್

ಈ ಪಂಥವನ್ನು ಕಟ್ಟಿ ಕೊನೆಯವರೆಗೂ ನಡೆಸಿದ ಜಿಮ್ ಜೋನ್ಸ್ ಹುಟ್ಟಿದ್ದು 1931ರಲ್ಲಿ, ಇಂಡಿಯಾನಾ ರಾಜ್ಯದ ಒಂದು ಸಣ್ಣ ಊರಿನ ಬಡ ಬಿಳಿಯ ಕುಟುಂಬದಲ್ಲಿ. 1920ರ ದಶಕದಲ್ಲಿ ಬಿಳಿಯರ ಮೇಲ್ಮೆಯನ್ನು ಸಾರುವ ಕು ಕ್ಲಕ್ಸ್ ಕ್ಲಾನ್ ಸಂಘಟನೆ ಅತ್ಯಂತ ಬಲವಾಗಿ ಬೇರೂರಿದ್ದ ರಾಜ್ಯಗಳಲ್ಲಿ ಇಂಡಿಯಾನಾ ಒಂದು. ಶಾಲೆಗಳಲ್ಲಿ ವರ್ಣಭೇದವನ್ನು ನಿಷೇಧಿಸುವ ಕಾನೂನು ಅಲ್ಲಿ ಬಂದದ್ದು 1949ರಲ್ಲಿ. ಕಾನೂನು ಬಂದ ಮೇಲೂ ವಾಸದ ಕೇರಿಗಳು, ಹೋಟೆಲುಗಳು, ಆಸ್ಪತ್ರೆಯ ವಾರ್ಡುಗಳು ಬೇರೆ ಬೇರೆಯಾಗಿಯೇ ಇದ್ದವು. ಭಾನುವಾರ ಬೆಳಗಿನ ಪ್ರಾರ್ಥನೆಯ ಹೊತ್ತೇ ಅಮೆರಿಕದಲ್ಲಿ ವರ್ಣಭೇದ ಅತಿ ಹೆಚ್ಚು ಎದ್ದು ಕಾಣುವ ಹೊತ್ತು ಎಂದು ಮಾರ್ಟಿನ್ ಲೂಥರ್ ಕಿಂಗ್ ಹೇಳುತ್ತಿದ್ದ ಕಾಲವದು.

ಅಂಥ ನಗರದಲ್ಲಿ 1950ರ ದಶಕದ ನಡುವೆ ಈ ಯುವಕ ಕಟ್ಟಿದ ಪೆಂಟೆಕೋಸ್ಟಲ್ ಚರ್ಚಿನಲ್ಲಿ ಬಿಳಿಯರೂ ಕಪ್ಪು ವರ್ಣೀಯರೂ ಒಂದೇ ಬೆಂಚಿನ ಮೇಲೆ ಕುಳಿತು ಹಾಡುತ್ತಿದ್ದರು. ಇದು ಬರೀ ಉಪದೇಶವಾಗಿರಲಿಲ್ಲ, ಕಣ್ಣಿಗೆ ಕಾಣುವ ಏರ್ಪಾಡಾಗಿತ್ತು. ಹಸಿದವರಿಗೆ ಉಚಿತ ಊಟದ ಮನೆ, ವೃದ್ಧರಿಗೆ ಆರೈಕೆ ಮನೆ ಇವೆಲ್ಲ ಚರ್ಚಿನ ಭಾಗವಾಗಿದ್ದವು. 1961ರಲ್ಲಿ ನಗರದ ಮಾನವ ಹಕ್ಕುಗಳ ಆಯೋಗಕ್ಕೆ ಜೋನ್ಸ್ ನಿರ್ದೇಶಕನಾಗಿ ನೇಮಕಗೊಂಡ. ಅದೇ ವರ್ಷ ಜೋನ್ಸ್ ದಂಪತಿ ಕಪ್ಪು ವರ್ಣದ ಮಗುವೊಂದನ್ನು ದತ್ತು ಪಡೆದರು. ಫಿಲಡೆಲ್ಫಿಯಾದಲ್ಲಿ ಫಾದರ್ ಡಿವೈನ್ ನಡೆಸುತ್ತಿದ್ದ ಪೀಸ್ ಮಿಷನ್ ಪಂಥವನ್ನು ಜೋನ್ಸ್ ಹೋಗಿ ನೋಡಿ ಬಂದಿದ್ದ. ಊಟ, ವಸತಿ, ಉದ್ಯೋಗ, ಭಕ್ತಿ ಎಲ್ಲವನ್ನೂ ಒಂದೇ ಸೂರಿನಡಿ ತರುವ ಆ ಮಾದರಿ ಆತನ ಮೇಲೆ ಆಳವಾದ ಪ್ರಭಾವ ಬೀರಿತು. ಹಿಂಬಾಲಕರ ಪಾಲಿಗೆ ತಾನೇ ದೇವರಾಗುವ ಪಾಠವನ್ನೂ ಆತ ಅಲ್ಲಿಂದಲೇ ಕಲಿತಂತೆ ತೋರುತ್ತದೆ.

ದಕ್ಷಿಣದ ಅಲಬಾಮಾದಿಂದ ವಲಸೆ ಬಂದು ಇಂಡಿಯಾನಾಪೊಲಿಸ್‌ನಲ್ಲಿ ನೆಲೆಸಿದ್ದ ಅಕ್ಕತಂಗಿಯರಿಬ್ಬರ ಪ್ರಸಂಗ ಇಲ್ಲಿ ಮುಖ್ಯವಾದುದು. ಅವರಿಬ್ಬರೂ ಕಪ್ಪು ವರ್ಣೀಯರು. ತಂಗಿ ಒಂದು ದಿನ ಟಿವಿಯಲ್ಲಿ ಈ ಚರ್ಚಿನ ಗಾಯನ ತಂಡವನ್ನು ಕಂಡಳು. ಕಪ್ಪು ಮುಖಗಳೂ ಬಿಳಿ ಮುಖಗಳೂ ಒಟ್ಟಿಗೆ ಹಾಡುತ್ತಿದ್ದವು. ತನಗೆ ಬೇಕಾದ ಚರ್ಚು ಸಿಕ್ಕಿತೆಂದು ಆಕೆ ಸಂಭ್ರಮಿಸಿ ಅಕ್ಕನನ್ನೂ ಕರೆದುಕೊಂಡು ಹೋದಳು. ಇಪ್ಪತ್ತು ವರ್ಷಗಳ ನಂತರ ತಂಗಿ ಜೋನ್ಸ್‌ಟೌನ್‌ನಲ್ಲಿ ಸತ್ತಳು. ಎಪ್ಪತ್ತು ದಾಟಿದ್ದ ಅಕ್ಕ ಅಂದು ಸಂಜೆ ತನ್ನ ಗುಡಿಸಲಿನಲ್ಲೇ ಉಳಿದುದರಿಂದ ಬದುಕಿಕೊಂಡು, ತನ್ನ ನೆನಪುಗಳನ್ನು ದಾಖಲಿಸಿದಳು.

ಈ ಅಕ್ಕತಂಗಿಯರಿಗೆ ಯಾವ ಕೊರತೆಯಿತ್ತು ಎಂದು ಕೇಳುವುದು ಸುಲಭ. ಸಮಾಜಶಾಸ್ತ್ರಜ್ಞ ಚಾರ್ಲ್ಸ್ ಗ್ಲಾಕ್ 1960ರ ದಶಕದಲ್ಲಿ ಹೊಸ ಪಂಥಗಳ ಹುಟ್ಟಿಗೆ ಕೊರತೆಯೇ ಮೂಲವೆಂದು ವಾದಿಸಿ, ಆ ಕೊರತೆಯನ್ನು ಬಗೆಬಗೆಯಾಗಿ ವಿಂಗಡಿಸಿದರು. ಹಣದ ಕೊರತೆ, ಸಾಮಾಜಿಕ ಮನ್ನಣೆಯ ಕೊರತೆ, ದೇಹಾರೋಗ್ಯದ ಕೊರತೆ, ಸುತ್ತಲಿನ ಸಮಾಜದ ಮೌಲ್ಯಗಳಿಗೂ ತಮ್ಮ ಮೌಲ್ಯಗಳಿಗೂ ಹೊಂದದಿರುವ ನೈತಿಕ ಕೊರತೆ, ಬದುಕಿಗೆ ಅರ್ಥವೇ ತೋರದ ಮಾನಸಿಕ ಕೊರತೆ. ಇಲ್ಲಿ ಮನ್ನಣೆಯ ಕೊರತೆ ಮತ್ತು ನೈತಿಕ ಕೊರತೆ ಎರಡೂ ಸರಿಯಾಗಿಯೇ ಕೂಡುತ್ತವೆ. ಆದರೆ ಕೊರತೆ ಇದ್ದದ್ದು ಆ ಹೆಂಗಸರಲ್ಲಿ ಅಲ್ಲ, ಅವರ ಸುತ್ತಲಿನ ನಗರದಲ್ಲಿ ಎಂಬುದನ್ನು ಒತ್ತಿ ಹೇಳಬೇಕಾಗಿದೆ. ಅವರು ನಂಬಿದ್ದು ವಿಚಿತ್ರವಾದ ಏನನ್ನೂ ಅಲ್ಲ. ತಮ್ಮ ಧರ್ಮಗ್ರಂಥ ಹೇಳಿದ ಸಮಾನತೆಯನ್ನು. ಅದನ್ನು ಬಾಯಲ್ಲಿ ಹೇಳುವ ಚರ್ಚುಗಳು ನೂರಾರು ಇದ್ದವು, ಮಾಡಿ ತೋರಿಸುವಂಥವು ಬೆರಳೆಣಿಕೆಯಷ್ಟು.

ಆ ದಿನಗಳಲ್ಲಿಯೇ ಪವಾಡ ಚಿಕಿತ್ಸೆಯೂ ನಡೆಯುತ್ತಿತ್ತು. ರೋಗಿಯ ದೇಹದಿಂದ ಹೊರತೆಗೆದ ಗಡ್ಡೆಯೆಂದು ಸಭೆಗೆ ತೋರಿಸುತ್ತಿದ್ದುದು ಕೋಳಿಯ ಒಳಾಂಗಗಳನ್ನು ಎಂಬುದು ಆಮೇಲೆ ಹೊರಬಿತ್ತು. ಆದರೆ ಪೆಂಟೆಕೋಸ್ಟಲ್ ಪರಂಪರೆಯಲ್ಲಿ ಬೆಳೆದವರಿಗೆ ಪ್ರಾರ್ಥನೆಯಿಂದ ರೋಗ ವಾಸಿಯಾಗುವುದು ಪರಿಚಿತ ಸಂಗತಿ. ಪಂಥಕ್ಕೆ ಬರುವವರು ತಮ್ಮ ಹಳೆಯ ನಂಬಿಕೆಗಳನ್ನೆಲ್ಲ ಹೊಸ್ತಿಲಲ್ಲಿ ಬಿಟ್ಟು ಬರುತ್ತಾರೆ ಎಂಬ ಕಲ್ಪನೆ ಇಲ್ಲಿ ನಿಲ್ಲುವುದಿಲ್ಲ. ಬಹುಪಾಲು ಜನರಿಗೆ ಇದು ತಾವು ಮೊದಲೇ ನಡೆಯುತ್ತಿದ್ದ ದಾರಿಯ ಮುಂದಿನ ತಿರುವಾಗಿತ್ತು, ಅಷ್ಟೆ.

ರೆಡ್‌ವುಡ್ ವ್ಯಾಲಿ

1962ರ ಜನವರಿಯಲ್ಲಿ ಅಮೆರಿಕದ ಒಂದು ಪತ್ರಿಕೆ ಅಣುಯುದ್ಧ ನಡೆದರೆ ಸುರಕ್ಷಿತವಾಗಿ ಉಳಿಯಬಹುದಾದ ಒಂಬತ್ತು ಸ್ಥಳಗಳ ಪಟ್ಟಿಯನ್ನು ಪ್ರಕಟಿಸಿತು. ಅದರಲ್ಲಿ ಉತ್ತರ ಕ್ಯಾಲಿಫೋರ್ನಿಯಾದ ಯುರೇಕಾ ಪ್ರದೇಶವೂ ಇತ್ತು. 1965ರಲ್ಲಿ ಜೋನ್ಸ್ ಸುಮಾರು 140 ಹಿಂಬಾಲಕರೊಡನೆ ಅದೇ ಭಾಗದ ಯೂಕಾಯಾ ಪಟ್ಟಣದ ಸಮೀಪ, ರೆಡ್‌ವುಡ್ ವ್ಯಾಲಿಗೆ ಸ್ಥಳಾಂತರಗೊಂಡ. ಮನೆಮಾರು ಬಿಟ್ಟು ಮೂರು ಸಾವಿರ ಕಿಲೋಮೀಟರಿಗೂ ಹೆಚ್ಚು ದೂರ ಬಂದ ಕುಟುಂಬಗಳಿಗೆ ಅಲ್ಲಿ ಪಂಥದವರನ್ನು ಬಿಟ್ಟರೆ ಬೇರೆ ನೆಂಟರಿಷ್ಟರಿರಲಿಲ್ಲ. ಈ ಸ್ಥಳಾಂತರದ ಪರಿಣಾಮವನ್ನು ಮುಂದೆ ನೋಡೋಣ.

ಎರಡನೆಯ ಗುಂಪು ಸೇರಿದ್ದು ಇಲ್ಲಿಂದ. ವಿಯೆಟ್ನಾಂ ಯುದ್ಧದ ವರ್ಷಗಳವು. ಆತ್ಮಸಾಕ್ಷಿಯ ಕಾರಣಕ್ಕೆ ಸೈನ್ಯ ಸೇರಲು ಒಪ್ಪದ ಯುವಕರು ಬದಲಿ ಸೇವೆ ಮಾಡಬೇಕಿತ್ತು. ಹಾಗೆ ಬಂದ ಒಬ್ಬ ಯುವಕ ಯೂಕಾಯಾದ ಹತ್ತಿರದ ಸರ್ಕಾರಿ ಮಾನಸಿಕ ಆಸ್ಪತ್ರೆಯಲ್ಲಿ ಕೆಲಸಕ್ಕಿದ್ದಾಗ ಪೀಪಲ್ಸ್ ಟೆಂಪಲ್‌ನ ಪರಿಚಯವಾಗಿ ಸೇರಿಕೊಂಡ, ನಂತರ ಆತನ ಮನೆಯವರೂ ಸೇರಿದರು. ಕಾಲೇಜು ಮುಗಿಸಿದವರು, ಶಿಕ್ಷಕಿಯರು, ಸಮಾಜ ಕಾರ್ಯಕರ್ತರು, ಒಬ್ಬ ಹೆಸರಾಂತ ವಕೀಲ ಹೀಗೆ ಬಂದವರನ್ನು ನೋಡಿದರೆ ಇವರಾರೂ ಹೊಟ್ಟೆಗಿಲ್ಲದವರಲ್ಲ, ದಿಕ್ಕಿಲ್ಲದವರೂ ಅಲ್ಲ. ಯುದ್ಧದ ವಿರುದ್ಧ, ವರ್ಣಭೇದದ ವಿರುದ್ಧ ಬೀದಿಗಿಳಿದು, 1968ರಲ್ಲಿ ನಡೆದ ಮಾರ್ಟಿನ್ ಲೂಥರ್ ಕಿಂಗ್ ಮತ್ತು ರಾಬರ್ಟ್ ಕೆನಡಿ ಅವರ ಕೊಲೆಗಳನ್ನೂ ಸೋಲುಗಳನ್ನೂ ಕಂಡು, ಇನ್ನು ಮುಂದೆ ಎಲ್ಲಿಗೆ ಎಂದು ನಿಂತವರು. ಮೆರವಣಿಗೆ ಒಂದು ಸಂಜೆಗೆ ಮುಗಿಯುತ್ತದೆ. ಇಲ್ಲಿ ದಿನವಿಡೀ ಮಾಡುವಷ್ಟು ಕೆಲಸವಿತ್ತು. ಆಸ್ಪತ್ರೆಯಿಂದ ಹೊರಬಿದ್ದ ಮಾನಸಿಕ ರೋಗಿಗಳಿಗೆ ಆರೈಕೆ ಮನೆಗಳು, ಮಾದಕ ವಸ್ತು ಬಿಡಿಸುವ ಕೆಲಸ, ಮಕ್ಕಳ ಪಾಲನೆ, ಕಾನೂನು ನೆರವು. ಆದರ್ಶವನ್ನು ಕೈಯಿಂದ ಮುಟ್ಟಿ ಮಾಡಲು ಹಂಬಲಿಸುವವರಿಗೆ ಇದಕ್ಕಿಂತ ದೊಡ್ಡ ಸೆಳೆತ ಇನ್ನೊಂದಿರಲಾರದು.

ಇಂಡಿಯಾನಾದಿಂದ ಬಂದವರಿಗೆ ಜೋನ್ಸ್ ಪವಾಡ ಮಾಡುವ ಪ್ರವಾದಿ. ಈ ಯುವಜನರಿಗೆ ಆತ ಧರ್ಮದ ಭಾಷೆಯಲ್ಲಿ ಸಮಾಜವಾದವನ್ನು ಹೇಳುವ ಸಂಘಟಕ. ವರ್ಚಸ್ಸು ನಾಯಕನೊಳಗೆ ಇರುವ ಗುಣವಲ್ಲ, ಹಿಂಬಾಲಕರು ಕೊಡುವ ಮನ್ನಣೆಯಲ್ಲಿ ಅದರ ನೆಲೆಯಿದೆ ಎಂದು ಜರ್ಮನ್ ಸಮಾಜಶಾಸ್ತ್ರಜ್ಞ ಮ್ಯಾಕ್ಸ್ ವೇಬರ್ ಹೇಳಿದ್ದು ಇಲ್ಲಿ ಅಕ್ಷರಶಃ ನಿಜವಾಗುತ್ತದೆ. ಒಬ್ಬನೇ ಮನುಷ್ಯನಲ್ಲಿ ಎರಡು ಗುಂಪುಗಳು ಎರಡು ಬೇರೆ ವರ್ಚಸ್ಸುಗಳನ್ನು ಕಂಡವು. ಇದಕ್ಕಿಂತ ನೋವಿನ ಸಂಗತಿಯೆಂದರೆ, ಪವಾಡಗಳು ಸುಳ್ಳೆಂದು ತಿಳಿದಿದ್ದ ಒಳವಲಯದ ಕೆಲವರು, ಹಳಬರ ನಂಬಿಕೆ ಉಳಿಯಲು ಅದು ಬೇಕು, ಗುರಿ ಒಳ್ಳೆಯದಾದ್ದರಿಂದ ದಾರಿಯ ಬಗ್ಗೆ ಚಿಂತಿಸಬೇಕಾಗಿಲ್ಲ ಎಂದು ತಮಗೆ ತಾವೇ ಹೇಳಿಕೊಂಡು ಆ ನಾಟಕಕ್ಕೆ ಕೈಜೋಡಿಸಿದರು.

ಫಿಲ್‌ಮೋರ್

ಮೂರನೆಯ ಗುಂಪೇ ಎಲ್ಲಕ್ಕಿಂತ ದೊಡ್ಡದು. ಪ್ರಚಲಿತ ವಿವರಣೆಗಳಲ್ಲಿ ಎಲ್ಲಕ್ಕಿಂತ ಕಡಿಮೆ ಕಾಣಿಸುವುದೂ ಅದೇ. ಜೋನ್ಸ್‌ಟೌನ್‌ನಲ್ಲಿ ಸತ್ತವರಲ್ಲಿ ಸುಮಾರು 70 ಶೇಕಡಾ ಮಂದಿ ಕಪ್ಪು ವರ್ಣೀಯರು. ಒಟ್ಟು ಮೃತರಲ್ಲಿ ಹತ್ತಿರ ಹತ್ತಿರ ಅರ್ಧದಷ್ಟು ಕಪ್ಪು ವರ್ಣದ ಹೆಂಗಸರು. ಇವರು ಹೇಗೆ ಬಂದರು ಎಂಬುದನ್ನು ತಿಳಿಯಬೇಕಾದರೆ ಸ್ಯಾನ್ ಫ್ರಾನ್ಸಿಸ್ಕೊದ ಒಂದು ಬಡಾವಣೆಯ ಚರಿತ್ರೆಯನ್ನು ತಿಳಿಯಬೇಕು.

ಎರಡನೆಯ ಮಹಾಯುದ್ಧದ ಸಮಯದಲ್ಲಿ ಸ್ಯಾನ್ ಫ್ರಾನ್ಸಿಸ್ಕೊ ಕೊಲ್ಲಿಯ ಹಡಗುಕಟ್ಟೆಗಳಿಗೆ ಕೆಲಸಗಾರರು ಬೇಕಾಗಿದ್ದರು. ಟೆಕ್ಸಾಸ್, ಲೂಯಿಸಿಯಾನಾ ಮುಂತಾದ ದಕ್ಷಿಣದ ರಾಜ್ಯಗಳಿಂದ ಸಾವಿರಾರು ಕಪ್ಪು ವರ್ಣೀಯರು ಹೊರಟು ಬಂದರು. ಅವರಿಗೆ ಬಾಡಿಗೆಗೆ ಮನೆ ಸಿಗುವ ಕೆಲವೇ ಜಾಗಗಳಲ್ಲಿ ಫಿಲ್‌ಮೋರ್ ಒಂದು. 1942ರಲ್ಲಿ ಜಪಾನೀ ಮೂಲದವರನ್ನು ಸರ್ಕಾರ ಶಿಬಿರಗಳಿಗೆ ಸಾಗಿಸಿದ್ದರಿಂದ ಅಲ್ಲಿ ಮನೆಗಳು ಖಾಲಿಯಾಗಿದ್ದವು. ಯುದ್ಧ ಮುಗಿದು ಹಡಗುಕಟ್ಟೆಗಳು ಮುಚ್ಚಿದವು, ಕೆಲಸ ಹೋಯಿತು. ಆದರೂ ಚರ್ಚುಗಳು, ಸಂಗೀತದ ಕ್ಲಬ್ಬುಗಳು, ಅಂಗಡಿಗಳು, ಬಂಧುಬಳಗದ ಮನೆಗಳು ಸೇರಿ ಒಂದು ಜನಜೀವನ ಅಲ್ಲಿ ರೂಪುಗೊಂಡಿತ್ತು. 1950ರ ದಶಕದಿಂದ ನಗರ ಪುನರಭಿವೃದ್ಧಿ ಯೋಜನೆ ಆ ಬಡಾವಣೆಯನ್ನು ಹಂತಹಂತವಾಗಿ ಕೆಡವಿತು. ಗೀರಿ ರಸ್ತೆಯನ್ನು ಅಗಲ ಮಾಡಿ ಬಡಾವಣೆಯನ್ನು ಸೀಳಲಾಯಿತು. ಸಾವಿರಾರು ಕುಟುಂಬಗಳು ಎತ್ತಂಗಡಿಯಾದವು; ಮರಳಿ ಬರಲು ಅವಕಾಶ ಕೊಡುವುದಾಗಿ ಹೇಳಿದ ಮಾತು ಬಹುಮಂದಿಗೆ ಈಡೇರಲಿಲ್ಲ.

1970ರ ದಶಕದ ಆರಂಭದಲ್ಲಿ ಪೀಪಲ್ಸ್ ಟೆಂಪಲ್ ತನ್ನ ನಗರದ ಮಂದಿರವನ್ನು ತೆರೆದದ್ದು ಅದೇ ಗೀರಿ ರಸ್ತೆಯ ಮೇಲೆ. ಬೀದಿಗಳೇ ಇಲ್ಲವಾದ ಬಡಾವಣೆಯಲ್ಲಿ, ಮಕ್ಕಳು ಚದುರಿಹೋಗಿ ಒಂಟಿಯಾಗಿ ಉಳಿದ ಅರುವತ್ತು ದಾಟಿದ ಹೆಂಗಸರಿಗೆ, ಅದರೊಳಗೆ ಕಂಡದ್ದು ತಾವು ಬಾಲ್ಯದಿಂದ ಬಲ್ಲ ಪ್ರಾರ್ಥನಾ ಸಭೆ. ಅದೇ ಹಾಡು, ಅದೇ ಚಪ್ಪಾಳೆ, ಅದೇ ಬೋಧನೆಯ ಏರಿಳಿತ. ಅದರ ಜೊತೆಗೆ ರಕ್ತದೊತ್ತಡ ನೋಡುವ ದಾದಿ, ಬಾಡಿಗೆಯ ತಕರಾರಿಗೆ ವಕೀಲ, ಸಾಮಾಜಿಕ ಭದ್ರತಾ ಕಚೇರಿಯ ಅರ್ಜಿ ತುಂಬಿಕೊಡುವ ಹುಡುಗಿ, ಜೈಲಿನಲ್ಲಿರುವ ಮೊಮ್ಮಗನಿಗೆ ಜಾಮೀನು ಕೊಡಿಸುವ ಓಡಾಟ. ಸರ್ಕಾರದ ಕಚೇರಿಗಳಲ್ಲಿ ಇಡೀ ದಿನ ಕಾದರೂ ಆಗದ ಕೆಲಸ ಇಲ್ಲಿ ಒಂದು ಭಾನುವಾರ ಮಧ್ಯಾಹ್ನ ಆಗುತ್ತಿತ್ತು. ತನ್ನನ್ನು ಹೆಸರು ಹಿಡಿದು ಮಾತನಾಡಿಸುವವರು ಸುತ್ತ ನೂರು ಮಂದಿ ಇದ್ದಾರೆ ಎಂಬ ಭರವಸೆ ಇವೆಲ್ಲಕ್ಕಿಂತ ಮೇಲಿನದು.

ಇದನ್ನು ಬಲೆ ಎಂದಷ್ಟೇ ಹೇಳಿದರೆ ಅರ್ಧ ಸತ್ಯವಾಗುತ್ತದೆ. ಸೇವೆ ನಿಜವಾಗಿತ್ತು. ಅದನ್ನು ದಿನವೂ ಮಾಡುತ್ತಿದ್ದವರು ಮನಸಾರೆ ಮಾಡುತ್ತಿದ್ದರು. ಪ್ರತಿಫಲವಾಗಿ ಪಂಥ ಕೇಳಿದ್ದೂ ಅಷ್ಟೇ ನಿಜ: ಮೊದಲು ಆದಾಯದ ಒಂದು ಪಾಲು, ಆಮೇಲೆ ನಾಲ್ಕನೇ ಒಂದು ಭಾಗ, ಸಾಮೂಹಿಕ ಮನೆಗೆ ಬಂದವರಿಂದ ಪಿಂಚಣಿ ಚೆಕ್ಕು ಮತ್ತು ಮನೆಯ ಪತ್ರ. ಒಂಟಿ ವೃದ್ಧೆಯೊಬ್ಬಳ ಲೆಕ್ಕಾಚಾರದಲ್ಲಿ, ಸಾಯುವ ತನಕ ನೋಡಿಕೊಳ್ಳುವ ಜನರಿಗೆ ಮನೆಯನ್ನು ಬರೆದುಕೊಡುವುದು ಅವಿವೇಕದ ವ್ಯವಹಾರವಾಗಿರಲಿಲ್ಲ.

ಹೊರಗಿನ ಮನ್ನಣೆಯ ಪಾತ್ರವನ್ನೂ ಇಲ್ಲಿ ಹೇಳಲೇಬೇಕು. 1975ರ ಮೇಯರ್ ಚುನಾವಣೆಯಲ್ಲಿ ಜಾರ್ಜ್ ಮಸ್ಕೋನಿ ಪರವಾಗಿ ಟೆಂಪಲ್‌ನ ಕಾರ್ಯಕರ್ತರು ಮನೆಮನೆಗೆ ತಿರುಗಿದರು. ಮರುವರ್ಷ ಜೋನ್ಸ್ ನಗರದ ವಸತಿ ಪ್ರಾಧಿಕಾರಕ್ಕೆ ನೇಮಕಗೊಂಡು, ನಂತರ ಅದರ ಅಧ್ಯಕ್ಷನೂ ಆದ. ದೊಡ್ಡ ದೊಡ್ಡ ರಾಜಕಾರಣಿಗಳು ವೇದಿಕೆಗೆ ಬಂದು ಹೊಗಳಿದರು. ಹೊಸದಾಗಿ ಸೇರಲು ಹೊರಟವರೊಬ್ಬರು ಇದು ನಂಬಬಹುದಾದ ಸಂಸ್ಥೆಯೇ ಎಂದು ವಿಚಾರಿಸಿದ್ದರೆ, ಮೇಯರ್ ಕಚೇರಿಯಿಂದ ಹಿಡಿದು ಪತ್ರಿಕೆಗಳವರೆಗೆ ಹೆಚ್ಚಿನವರು ಹೌದೆಂದೇ ಹೇಳುತ್ತಿದ್ದರು. ಎಚ್ಚರಿಸಬೇಕಾದ ಸಂಸ್ಥೆಗಳೇ ಶಿಫಾರಸು ಮಾಡಿದ ಮೇಲೆ, ಸೇರಿದವರ ಬುದ್ಧಿಯನ್ನು ದೂರುವುದು ನನಗೆ ಅನ್ಯಾಯವೆನಿಸುತ್ತದೆ.

ನಂಟಿನ ದಾರಿ

ಕಾರಣಗಳಿದ್ದ ಮಾತ್ರಕ್ಕೆ ಯಾರೂ ಸೇರುವುದಿಲ್ಲ. ಫಿಲ್‌ಮೋರಿನಲ್ಲಿ ಮನೆ ಕಳೆದುಕೊಂಡ ಸಾವಿರಾರು ಮಂದಿಯಲ್ಲಿ ಬಹುಪಾಲು ಜನ ಪೀಪಲ್ಸ್ ಟೆಂಪಲ್‌ನ ಒಳಗೆ ಕಾಲಿಡಲಿಲ್ಲ. ಒಂದೇ ಕಷ್ಟದಲ್ಲಿದ್ದ ಇಬ್ಬರಲ್ಲಿ ಒಬ್ಬರು ಸೇರಿ ಇನ್ನೊಬ್ಬರು ಸೇರದೆ ಇರುವುದಕ್ಕೆ ಕೊರತೆಯ ಸಿದ್ಧಾಂತದಲ್ಲಿ ಉತ್ತರವಿಲ್ಲ.

ಉತ್ತರ ಹುಡುಕಿದವರಲ್ಲಿ ಸಮಾಜಶಾಸ್ತ್ರಜ್ಞರಾದ ಜಾನ್ ಲಾಫ್‌ಲ್ಯಾಂಡ್ ಮತ್ತು ರಾಡ್ನಿ ಸ್ಟಾರ್ಕ್ ಮೊದಲಿಗರು. 1960ರ ದಶಕದ ಆರಂಭದಲ್ಲಿ ಸ್ಯಾನ್ ಫ್ರಾನ್ಸಿಸ್ಕೊ ಕೊಲ್ಲಿ ಪ್ರದೇಶದಲ್ಲಿಯೇ, ಕೊರಿಯಾದಿಂದ ಬಂದ ಯೂನಿಫಿಕೇಶನ್ ಚರ್ಚಿನ ಒಂದು ಸಣ್ಣ ಗುಂಪಿನ ಜೊತೆಗಿದ್ದು ಅವರು ಗಮನಿಸಿದರು. 1965ರಲ್ಲಿ ಪ್ರಕಟವಾದ ಅವರ ವಾದದ ತಿರುಳು ಇಷ್ಟು: ಬದುಕಿನಲ್ಲಿ ಬಿಕ್ಕಟ್ಟು ಇರಬೇಕು, ಅದಕ್ಕೆ ಧರ್ಮದಲ್ಲಿ ಪರಿಹಾರ ಹುಡುಕುವ ಸ್ವಭಾವ ಇರಬೇಕು, ಬದುಕಿನ ತಿರುವಿನಲ್ಲಿ ಪಂಥದ ಭೇಟಿಯಾಗಬೇಕು, ಆದರೆ ನಿರ್ಣಾಯಕವಾದುದು ಪಂಥದ ಸದಸ್ಯರೊಂದಿಗಿನ ಸ್ನೇಹದ ನಂಟು ಹೊರಗಿನವರೊಂದಿಗಿನ ನಂಟಿಗಿಂತ ಗಟ್ಟಿಯಾಗುವುದು. ಬೀದಿಯಲ್ಲಿ ಬೋಧಿಸಿ ಅಪರಿಚಿತರನ್ನು ಸೇರಿಸುವ ಪ್ರಯತ್ನಗಳು ಹೆಚ್ಚಾಗಿ ವಿಫಲವಾದವು. ಗೆಳೆಯರ, ನೆರೆಯವರ, ಬಂಧುಗಳ ಮೂಲಕ ಬಂದವರು ಉಳಿದರು. ಸಿದ್ಧಾಂತವನ್ನು ಒಪ್ಪಿಕೊಂಡು ಗುಂಪು ಸೇರುವುದಕ್ಕಿಂತ ಗುಂಪಿಗೆ ಸೇರಿ ಸಿದ್ಧಾಂತವನ್ನು ಒಪ್ಪಿಕೊಳ್ಳುವುದೇ ಹೆಚ್ಚು.

ಪೀಪಲ್ಸ್ ಟೆಂಪಲ್‌ನಲ್ಲಿ ಇದಕ್ಕೆ ಸಾಕ್ಷಿ ಹೇರಳವಾಗಿದೆ. ತಂಗಿ ಅಕ್ಕನನ್ನು ಕರೆತಂದಳು, ಮಗ ತಾಯಿಯನ್ನು, ಅಜ್ಜಿ ಮೊಮ್ಮಕ್ಕಳನ್ನು. ಆದರೆ ಒಂದು ತಿದ್ದುಪಡಿ ಬೇಕೆಂದು ನನಗನಿಸುತ್ತದೆ. ಲಾಫ್‌ಲ್ಯಾಂಡ್ ಮತ್ತು ಸ್ಟಾರ್ಕ್ ಕಂಡದ್ದು ಒಂಟಿ ಯುವಜನರನ್ನು. ಅವರ ಹೊರಗಿನ ನಂಟು ಸಡಿಲಗೊಂಡಿತ್ತು, ಆದ್ದರಿಂದ ಒಳಗಿನ ನಂಟು ಗೆದ್ದಿತು. ಪೀಪಲ್ಸ್ ಟೆಂಪಲ್‌ನ ಕಪ್ಪು ವರ್ಣೀಯ ಕುಟುಂಬಗಳಲ್ಲಿ ನಂಟು ಸಡಿಲಗೊಂಡಿರಲಿಲ್ಲ. ಇಡೀ ನಂಟೇ ಒಳಗೆ ಬಂದಿತ್ತು. ಮೂರು ತಲೆಮಾರುಗಳು ಒಂದೇ ಸಾಲಿನಲ್ಲಿ ಕೂರುತ್ತಿದ್ದವು. ಹೀಗೆ ಬಂದವರಿಗೆ ಸೇರುವುದು ಕುಟುಂಬವನ್ನು ತೊರೆಯುವುದಲ್ಲ, ಚದುರಿದ ಕುಟುಂಬವನ್ನು ಒಂದೆಡೆ ಕೂಡಿಸುವುದಾಗಿತ್ತು.

ತಲೆ ಕೆಡಿಸಿ ಸೇರಿಸಿಕೊಂಡರು ಎಂಬ ವಾದದ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ಬ್ರಿಟನ್ನಿನ ಸಮಾಜಶಾಸ್ತ್ರಜ್ಞೆ ಐಲೀನ್ ಬಾರ್ಕರ್ 1979ರಲ್ಲಿ ಲಂಡನ್ ಪ್ರದೇಶದಲ್ಲಿ ಯೂನಿಫಿಕೇಶನ್ ಚರ್ಚಿನ ಶಿಬಿರಗಳಿಗೆ ಬಂದ ಸಾವಿರಕ್ಕೂ ಹೆಚ್ಚು ಮಂದಿಯ ಜಾಡು ಹಿಡಿದರು. ಸುಮಾರು 90 ಶೇಕಡಾ ಮಂದಿ ಸೇರಲೇ ಇಲ್ಲ, ಸೇರಿದವರಲ್ಲಿಯೂ ಹೆಚ್ಚಿನವರು ಎರಡು ವರ್ಷದೊಳಗೆ ತಾವಾಗಿ ಹೊರಬಂದರು. ಪೀಪಲ್ಸ್ ಟೆಂಪಲ್‌ಗೂ ಬಂದು ನೋಡಿ ಹೋದವರು ಅಸಂಖ್ಯ. 1973ರಲ್ಲಿ ಎಂಟು ಮಂದಿ ಕಾಲೇಜು ವಯಸ್ಸಿನ ಸದಸ್ಯರು ಒಟ್ಟಿಗೆ ಹೊರನಡೆದರು. ಸದಸ್ಯರಲ್ಲಿ ಹೆಚ್ಚಿನವರು ಕಪ್ಪು ವರ್ಣೀಯರಾಗಿರುವಾಗ ಅಧಿಕಾರವೆಲ್ಲ ಬಿಳಿಯರ ಕೈಯಲ್ಲಿ ಏಕಿದೆ ಎಂಬುದು ಅವರ ಆಕ್ಷೇಪ. ಸಮಾನತೆಗಾಗಿ ಸೇರಿದವರು ಸಮಾನತೆಯ ಮಾತೆತ್ತಿಯೇ ಹೊರಟರು. ಯೋಚಿಸುವ ಶಕ್ತಿ ಕಳೆದುಕೊಂಡವರು ಹೀಗೆ ಮಾಡಲಾರರು.

ಉಳಿದದ್ದೇಕೆ

ಸೇರುವಾಗ ಮುಕ್ತವಾಗಿದ್ದ ಬಾಗಿಲು ಒಳಗೆ ಬಂದ ಮೇಲೆ ಮೆಲ್ಲಮೆಲ್ಲನೆ ಮುಚ್ಚಿಕೊಂಡಿತು. 19ನೇ ಶತಮಾನದ ಅಮೆರಿಕದ ಆದರ್ಶ ಸಮುದಾಯಗಳನ್ನು ಅಧ್ಯಯನ ಮಾಡಿದ ರೋಸಬೆತ್ ಮಾಸ್ ಕ್ಯಾಂಟರ್, ದೀರ್ಘಕಾಲ ಉಳಿದ ಸಮುದಾಯಗಳು ಸದಸ್ಯರಿಂದ ತ್ಯಾಗವನ್ನೂ ಮರಳಿ ಪಡೆಯಲಾಗದ ಹೂಡಿಕೆಯನ್ನೂ ಬೇಡುತ್ತಿದ್ದವು, ಜೋಡಿ ಸಂಬಂಧಗಳನ್ನು ಸಡಿಲಿಸಿ ಗುಂಪಿನ ಸಂಬಂಧವನ್ನು ಬಿಗಿಗೊಳಿಸುತ್ತಿದ್ದವು, ಎಲ್ಲರೆದುರು ತಪ್ಪೊಪ್ಪಿಗೆ ಮಾಡಿಸುತ್ತಿದ್ದವು ಎಂದು 1972ರಲ್ಲಿ ತೋರಿಸಿದರು. ಪೀಪಲ್ಸ್ ಟೆಂಪಲ್‌ನಲ್ಲಿ ಇವೆಲ್ಲವೂ ಇದ್ದವು, ಅತಿರೇಕದ ಮಟ್ಟದಲ್ಲಿ. ಮನೆ ಮಾರಿದ ಹಣ ಹೋಯಿತು. ಗಂಡ ಹೆಂಡಿರನ್ನು ಬೇರ್ಪಡಿಸಿ, ಮಕ್ಕಳನ್ನು ಬೇರೆಯವರ ಪಾಲನೆಗೆ ಕೊಡಲಾಯಿತು. ಸಭೆಯ ಎದುರು ನಿಲ್ಲಿಸಿ ಬೈಯುವುದು, ನಂತರ ಹೊಡೆಯುವುದೂ ಬಂತು. ಖಾಲಿ ಹಾಳೆಗಳಿಗೆ ಸಹಿ ಪಡೆಯಲಾಯಿತು. ಮಾಡದ ಅಪರಾಧಗಳನ್ನು ಮಾಡಿದೆವೆಂದು ಬರೆಸಿಕೊಳ್ಳಲಾಯಿತು.

ಈ ಪ್ರಕರಣವನ್ನು ಓದುವಾಗ ನನ್ನನ್ನು ಬಹುವಾಗಿ ಕಾಡುವುದು ಇದು: ಸೇರಿಸಿದ ಶಕ್ತಿಯೇ ಬಿಡಿಸದ ಶಕ್ತಿಯೂ ಆಯಿತು. ಇಡೀ ಕುಟುಂಬ ಒಳಗಿರುವಾಗ ಒಬ್ಬರು ಹೊರಡುವುದೆಂದರೆ ತಾಯಿಯನ್ನು, ಮಕ್ಕಳನ್ನು, ಒಡಹುಟ್ಟಿದವರನ್ನು ಬಿಟ್ಟು ಹೊರಡುವುದು. ಪಂಥಕ್ಕಿಂತ ಮೊದಲು ಪ್ರೀತಿಯೇ ಅವರನ್ನು ಹಿಡಿದು ನಿಲ್ಲಿಸುತ್ತಿತ್ತು.

ಗಯಾನಾದ ವಾಯವ್ಯ ಭಾಗದಲ್ಲಿ 3,800 ಎಕರೆಗೂ ಹೆಚ್ಚು ಭೂಮಿಯನ್ನು 1974ರಿಂದಲೇ ಟೆಂಪಲ್ ಸಾಗುವಳಿಗೆ ಸಿದ್ಧಗೊಳಿಸುತ್ತಿತ್ತು. ಇಂಗ್ಲಿಷ್ ಆಡುವ, ಕಪ್ಪು ವರ್ಣದ ನಾಯಕನಿದ್ದ, ಸಮಾಜವಾದವನ್ನು ಸಾರುತ್ತಿದ್ದ ಆ ದೇಶ, ವರ್ಣಭೇದವಿಲ್ಲದ ನೆಲದ ಕನಸನ್ನು ತಲೆಮಾರುಗಳಿಂದ ಹೊತ್ತು ಬಂದವರಿಗೆ ಸಹಜವಾಗಿಯೇ ವಾಗ್ದತ್ತ ಭೂಮಿಯಂತೆ ಕಂಡಿತು. 1977ರ ಬೇಸಿಗೆಯಲ್ಲಿ ನ್ಯೂ ವೆಸ್ಟ್ ಎಂಬ ಪತ್ರಿಕೆ ಪಂಥ ತೊರೆದವರ ಹೇಳಿಕೆಗಳನ್ನು ಪ್ರಕಟಿಸುವ ಹೊತ್ತಿಗೆ ಜೋನ್ಸ್ ಅಲ್ಲಿಗೆ ಹಾರಿಯಾಗಿತ್ತು, ನೂರಾರು ಮಂದಿ ಹಿಂದೆಯೇ ಹೋದರು. ಹೋದವರ ಪಾಸ್‌ಪೋರ್ಟು ಮತ್ತು ಹಣ ಮುಖಂಡರ ವಶಕ್ಕೆ ಹೋಯಿತು. ರಾಜಧಾನಿ ಸುಮಾರು 150 ಮೈಲಿ ದೂರ, ನಡುವೆ ಕಾಡು. ಸುಮಾರು 200 ವೃದ್ಧರ ಸಾಮಾಜಿಕ ಭದ್ರತಾ ಚೆಕ್ಕುಗಳು ತಿಂಗಳು ತಿಂಗಳೂ ಪಂಥದ ಖಾತೆಗೆ ಸೇರುತ್ತಿದ್ದವು. ಇಲ್ಲಿಂದ ಮುಂದಿನದನ್ನು ಜನ ಏಕೆ ಸೇರುತ್ತಾರೆ ಎಂಬ ಪ್ರಶ್ನೆಯಡಿ ಇಡುವಂತಿಲ್ಲ. ಅದು ಸೆರೆಯ ಚರಿತ್ರೆ.

ನವೆಂಬರ್ 18ರಂದು, ವಸತಿಯ ಸ್ಥಿತಿಗತಿಯನ್ನು ವಿಚಾರಿಸಲು ಬಂದಿದ್ದ ಸಂಸದ ರಯಾನ್ ಅವರೊಂದಿಗೆ ಬರುವುದಾಗಿ ಧೈರ್ಯ ಮಾಡಿ ಹೇಳಿದವರು ಇಪ್ಪತ್ತಕ್ಕಿಂತ ಕಡಿಮೆ. ಅವರಲ್ಲಿ ಹೆಚ್ಚಿನವರು ಎರಡೇ ಕುಟುಂಬಗಳಿಗೆ ಸೇರಿದವರು. ಒಬ್ಬ ತಂದೆ ಮಕ್ಕಳನ್ನು ಎತ್ತಿಕೊಂಡು ಹೊರಟಾಗ, ಮಕ್ಕಳನ್ನು ಕಳಿಸಲಾರೆನೆಂದು ತಾಯಿ ತಡೆದಳು; ಆ ತಂದೆ ಹಿಂದೆ ಉಳಿದ. ಅದೇ ಸಂಜೆಯ ಸಭೆಯ ಧ್ವನಿಮುದ್ರಣ ಉಳಿದುಬಂದಿದೆ. ಅದರಲ್ಲಿ ಕ್ರಿಸ್ಟೀನ್ ಮಿಲ್ಲರ್ ಎಂಬ ಕಪ್ಪು ವರ್ಣದ ಮಹಿಳೆ ಎದ್ದು ನಿಂತು, ಪಂಥದವರೆಲ್ಲ ರಷ್ಯಾಕ್ಕೆ ಹೋಗಿ ನೆಲೆಸುವುದೆಂದು ಹಿಂದೆ ಆಡಿದ್ದ ಮಾತೇನಾಯಿತೆಂದು ಕೇಳಿ, ಈ ಹಸುಗೂಸುಗಳು ಬದುಕಬೇಕಾದವು ಎಂದು ವಾದಿಸುತ್ತಾರೆ. ಸುತ್ತಲಿನ ಜನ, ಆಕೆಯೊಡನೆ ವರ್ಷಗಟ್ಟಲೆ ಉಂಡು ಹಾಡಿದ ಜನ, ಕೂಗಿ ಆಕೆಯನ್ನು ಕೂರಿಸುತ್ತಾರೆ.

ಶವಗಳನ್ನು ವಿಮಾನದಲ್ಲಿ ಅಮೆರಿಕದ ಡೆಲವೇರ್ ರಾಜ್ಯದ ವಾಯುಪಡೆ ನೆಲೆಗೆ ತರಲಾಯಿತು. ತಿಂಗಳುಗಳು ಕಳೆದರೂ ನಾಲ್ಕುನೂರಕ್ಕೂ ಹೆಚ್ಚು ಶವಗಳಿಗೆ ಗುರುತು ಸಿಗಲಿಲ್ಲ, ಇಲ್ಲವೇ ಕೇಳಿಕೊಂಡು ಯಾರೂ ಬರಲಿಲ್ಲ. ಅವುಗಳಲ್ಲಿ ಬಹಳಷ್ಟು ಮಕ್ಕಳವು. ಹೂಳಲು ಜಾಗ ಕೊಡಲು ಹಲವು ಸ್ಮಶಾನಗಳು ಒಪ್ಪಲಿಲ್ಲ. ಕೊನೆಗೆ 1979ರಲ್ಲಿ ಕ್ಯಾಲಿಫೋರ್ನಿಯಾದ ಓಕ್‌ಲ್ಯಾಂಡಿನ ಎವರ್‌ಗ್ರೀನ್ ಸ್ಮಶಾನದ ಇಳಿಜಾರಿನಲ್ಲಿ ಒಂದೇ ಕಡೆ ಅವುಗಳನ್ನು ಮಣ್ಣು ಮಾಡಲಾಯಿತು. ಕೇಳಿಕೊಂಡು ಬಾರದಿರುವುದಕ್ಕೆ ಕೆಲವು ಮನೆಗಳಲ್ಲಿ ನಾಚಿಕೆ, ಕೆಲವು ಮನೆಗಳಲ್ಲಿ ಹಣದ ಅಭಾವ ಕಾರಣವಾಗಿತ್ತು. ಇನ್ನೆಷ್ಟೋ ಮಕ್ಕಳ ವಿಷಯದಲ್ಲಿ, ಬಂದು ಕೇಳಬೇಕಾಗಿದ್ದ ಅಪ್ಪ, ಅಮ್ಮ, ಅಜ್ಜಿ, ಚಿಕ್ಕಮ್ಮಂದಿರೆಲ್ಲ ಅವರೊಡನೆಯೇ ಸತ್ತಿದ್ದರು.